ಪ್ರತಿಷ್ಠಾನದ ರಸೀದಿ, ಪಕ್ಷದ ಕೆಲಸ

ಅಧ್ಯಕ್ಷರೆ, ಮುಂಬಯಿ ಮಾಟುಂಗದ ಕನ್ನಡ ಬಂಧುಗಳೆ,

ಚುನಾವಣೆ ಹತ್ತಿರವಾದಾಗ ನಮ್ಮ ಹೋಟೆಲುಗಳ ಗಲ್ಲಾದ ಮುಂದೆ ರಸೀದಿ ಪುಸ್ತಕ ಹಿಡಿದವರು ಬಂದು ನಿಲ್ಲುತ್ತಾರೆ. ಕೇಳುವುದು ಪಕ್ಷಕ್ಕೆಂದಲ್ಲ, ಯಾವುದೋ ಪ್ರತಿಷ್ಠಾನಕ್ಕೆ. ರಸೀದಿಯ ತಲೆಯಲ್ಲಿ ನೋಂದಣಿ ಸಂಖ್ಯೆ, ಕೆಳಗೆ ದಾನಿಗೆ ಸಿಗುವ 80ಜಿ ಆದಾಯ ತೆರಿಗೆ ವಿನಾಯಿತಿಯ ಸಾಲು, ಬಲಗಡೆ ನಾಯಕರ ನಗುಮುಖ. ನಮ್ಮವರು ಹಣ ಎಣಿಸುವುದು ಆ ಮುಖ ನೋಡಿ. ಸೇವೆಯ ಹೆಸರಿನಲ್ಲಿ ಎತ್ತಿದ ಹಣ ಮತ ತರುವ ಕೆಲಸ ಮಾಡುವುದಾದರೆ, ಕೊಟ್ಟವರು ಯಾರೆಂಬುದು ಮತದಾರನಿಗೆ ತಿಳಿಯಲೇಬೇಕು.

ಇಲ್ಲಿರುವ ಹಿರಿಯರಿಗೆ ಸಿಮೆಂಟಿನ ಕಾಲ ನೆನಪಿರಬೇಕು. ಆಗ ಸಿಮೆಂಟ್ ಸರ್ಕಾರದ ನಿಯಂತ್ರಣದಲ್ಲಿತ್ತು. ಮಂಜೂರಾತಿ ಸಿಕ್ಕವನಿಗೆ ನಿಗದಿತ ಬೆಲೆ, ಉಳಿದವರಿಗೆ ಕಾಳಸಂತೆ. ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿ ಎ.ಆರ್. ಅಂತುಳೆಯವರು ಟ್ರಸ್ಟುಗಳನ್ನು ಕಟ್ಟಿದರು. ಅವುಗಳಲ್ಲಿ ಹೆಸರಾದದ್ದು ಇಂದಿರಾ ಗಾಂಧಿ ಪ್ರತಿಭಾ ಪ್ರತಿಷ್ಠಾನ. ಸಾಹಿತ್ಯ, ಕಲೆಗಳಿಗೆ ನೆರವು ಎಂದರೆ ಬೇಡ ಎನ್ನುವವರು ಯಾರು? ಆದರೆ ಚೆಕ್ ಬರೆದವರು ಕಾವ್ಯಪ್ರೇಮಿಗಳಲ್ಲ, ಬಿಲ್ಡರುಗಳು! 1981ರ ಆಗಸ್ಟ್ ಕೊನೆಯಲ್ಲಿ ಪತ್ರಕರ್ತ ಅರುಣ್ ಶೌರಿಯವರು ಇಂಡಿಯನ್ ಎಕ್ಸ್‌ಪ್ರೆಸ್‌ನಲ್ಲಿ ಇದನ್ನು ಬಯಲಿಗೆಳೆದರು. 1982ರ ಜನವರಿಯಲ್ಲಿ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ ಲೆಂಟಿನ್ ಅವರು ದೇಣಿಗೆಗೂ ಸಿಮೆಂಟ್ ಹಂಚಿಕೆಗೂ ನಂಟಿದೆ ಎಂದರು. ಮುಖ್ಯಮಂತ್ರಿಯವರು ರಾಜೀನಾಮೆ ಕೊಟ್ಟರು. ಕ್ರಿಮಿನಲ್ ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು, ಅವರಿಗೆ ಶಿಕ್ಷೆಯಾಗಲಿಲ್ಲ. ಅದನ್ನೂ ಹೇಳುವುದು ನ್ಯಾಯ. ಆದರೆ ಪತ್ರಿಕೆ ಬರೆಯದಿದ್ದರೆ ಕೊಟ್ಟವರು ಯಾರೆಂದು ನಮಗೆ ತಿಳಿಯುತ್ತಿತ್ತೆ?

ಅದಕ್ಕೂ ಮೊದಲು, 1957ರಲ್ಲಿ, ಟಾಟಾ ಉಕ್ಕಿನ ಕಂಪನಿ ಪಕ್ಷಗಳಿಗೆ ದೇಣಿಗೆ ಕೊಡಲು ಅನುಮತಿ ಬೇಡಿ ಇದೇ ಹೈಕೋರ್ಟಿಗೆ ಬಂದಿತ್ತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರು ಅನುಮತಿಯನ್ನೇನೋ ಕೊಟ್ಟರು, ಆದರೆ ಕಂಪನಿ ಹಣದ ಈ ಅಪಾಯ ಬೆಳೆದು ಪ್ರಜಾಪ್ರಭುತ್ವದ ಕತ್ತು ಹಿಸುಕಬಹುದು ಎಂದು ಎಚ್ಚರಿಸಿದರು. ಅಲ್ಲಿ ಕಂಪನಿ ಪಕ್ಷಕ್ಕೆ ಕೊಡುತ್ತೇನೆಂದು ನೇರವಾಗಿ ಹೇಳಿತ್ತು. ಪ್ರತಿಷ್ಠಾನದ ರಸೀದಿಯಲ್ಲಿ ಆ ನೇರವೂ ಇಲ್ಲ.

ಈಗಿನ ಕಾನೂನು ನೋಡಿ. 20,000 ರೂಪಾಯಿಗೆ ಮೀರಿದ ದೇಣಿಗೆಯ ವಿವರವನ್ನು ಪಕ್ಷ ಚುನಾವಣಾ ಆಯೋಗಕ್ಕೆ ಒಪ್ಪಿಸಬೇಕು. ಪ್ರತಿಷ್ಠಾನಕ್ಕೆ ಆ ಕಟ್ಟಳೆ ಇಲ್ಲ. 80ಜಿ ದಾನಿಗಳ ಪಟ್ಟಿ ಆದಾಯ ತೆರಿಗೆ ಇಲಾಖೆಗೆ ಹೋಗುತ್ತದೆ, ಮತದಾರನ ಕೈಗೆ ಬರುವುದಿಲ್ಲ. ಇನ್ನು ಖರ್ಚು. ಲೋಕಸಭೆ, ವಿಧಾನಸಭೆಗಳ ಅಭ್ಯರ್ಥಿಯ ವೆಚ್ಚದ ಲೆಕ್ಕ ನಾಮಪತ್ರದ ದಿನದಿಂದ ಫಲಿತಾಂಶದ ದಿನದವರೆಗೆ ಮಾತ್ರ. ಶಾಲೆ ಶುರುವಾಗುವ ಜೂನ್‌ನಲ್ಲಿ ಹಂಚಿದ ನೋಟುಪುಸ್ತಕಗಳನ್ನು ನಮ್ಮ ಮನೆಯ ಮಕ್ಕಳೂ ತಂದಿದ್ದಾರೆ: ಹೊದಿಕೆಯ ಮೇಲೆ ನಾಯಕರ ಭಾವಚಿತ್ರ, ಹಿಂಬದಿಯಲ್ಲಿ ಪಕ್ಷದ ಬಣ್ಣ, ಒಳಗೆ ಮಗ್ಗಿ. ಮಗು ವರ್ಷವಿಡೀ ಆ ಮುಖದ ಕೆಳಗೆ ಲೆಕ್ಕ ಮಾಡುತ್ತದೆ. ಚುನಾವಣಾ ವೆಚ್ಚದಲ್ಲಿ ಅದಕ್ಕೊಂದು ಸಾಲೂ ಇಲ್ಲ. ಪುಸ್ತಕ ಸಿಕ್ಕಿದ ಮಗುವಿಗೆ ಒಳ್ಳೆಯದೇ ಆಯಿತು, ನಾನು ಅಲ್ಲಗಳೆಯುವುದಿಲ್ಲ. ಕೇಳುವುದು ಅದೇ ಪ್ರಶ್ನೆ: ಕೊಟ್ಟವರು ಯಾರು, ಪ್ರತಿಯಾಗಿ ಅವರಿಗೆ ಸಿಕ್ಕಿದ್ದೇನು?

ಸಮಯವಾಯಿತೆಂದು ಕಾರ್ಯದರ್ಶಿಗಳ ಚೀಟಿ ಬಂದಿದೆ. ಬಣ್ಣ ಹಚ್ಚಿಕೊಂಡ ಕಲಾವಿದರೂ ಕಾಯುತ್ತಿದ್ದಾರೆ. ಕೊಟ್ಟವರ ಹೆಸರು ಮರೆಯಲ್ಲಿಟ್ಟು ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡಿನ ಬಗ್ಗೆ ಒಂದೇ ಮಾತು: 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದು ಮತದಾರನಿಗೆ ತಿಳಿಯುವ ಹಕ್ಕಿದೆ ಎಂಬ ಕಾರಣಕ್ಕೆ. ಆ ಹಕ್ಕು ಪ್ರತಿಷ್ಠಾನದ ಬಾಗಿಲಲ್ಲಿ ಏಕೆ ನಿಲ್ಲಬೇಕು?

ರಸೀದಿ ಪುಸ್ತಕ ಮತ್ತೆ ಬಂದಾಗ ವಿಶ್ವಸ್ತರ ಹೆಸರು ಕೇಳಿ, ಹಿಂದಿನ ವರ್ಷದ ಲೆಕ್ಕಪತ್ರ ಕೇಳಿ. ಒಬ್ಬರೇ ಕೇಳಲು ಅಳುಕಾದರೆ ಸಂಘದ ಕಾಗದದಲ್ಲಿ ಬರೆಯೋಣ, ಮೊದಲ ಸಹಿ ನನ್ನದು. ಯಕ್ಷಗಾನಕ್ಕೆ ಎತ್ತಿದ ಹಣದ ಲೆಕ್ಕವನ್ನು ನಾವು ಮಹಾಸಭೆಯಲ್ಲಿ ಸಾಲುಸಾಲಾಗಿ ಓದುತ್ತೇವೆ, ಚಹಾದ ಖರ್ಚಿಗೂ ಸದಸ್ಯರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ. ಪ್ರತಿಷ್ಠಾನದವರೂ ಹಾಗೆ ಓದಲಿ.