ಓವನ್ ಬಾಗಿಲಿನ ಸಂದು

ಎಲ್ಲರಿಗೂ ನಮಸ್ಕಾರ.

ನನ್ನ ಹಿಂದೆ ಮರದ ಗೂಡಿನೊಳಗೆ ಒಂದು ಓವನ್ ಕಾಯುತ್ತಿದೆ. ನೀವು ಬರುವ ಮೊದಲೇ ಅದನ್ನು 200 ಡಿಗ್ರಿಗೆ ಇಟ್ಟಿದ್ದೇನೆ. ಪಕ್ಕದ ಮೇಜಿನ ಮೇಲಿರುವುದು ಸಣ್ಣ ಓಟಿಜಿ, ಅಂದರೆ ಕಟ್ಟೆಯ ಮೇಲೆ ಇಟ್ಟು ಬಳಸುವ ಕರೆಂಟಿನ ಓವನ್. ಅದೂ 200ರಲ್ಲೇ ಇದೆ. ಮಕ್ಕಳನ್ನು ದಯವಿಟ್ಟು ಹಗ್ಗದಿಂದ ಈಚೆ ಬಿಡಬೇಡಿ. ದೊಡ್ಡವರೂ ಈಗಲೇ ಬಂದು ಮುಟ್ಟುವುದು ಬೇಡ, ಅದಕ್ಕೆ ಹೊತ್ತು ಇದೆ.

ಇಪ್ಪತ್ತು ವರ್ಷ ನಾನು ಊರು ಬಿಟ್ಟು ಅಡುಗೆಮನೆ ಸಾಮಾನು ಮಾಡುವ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಅದರಲ್ಲಿ ಹೆಚ್ಚು ಕಾಲ ಓವನ್ ಬಾಗಿಲಿನ ಕೆಲಸವೇ. ಒಂದು ಬಾಗಿಲಿನಲ್ಲಿ ಅಷ್ಟು ಮಾಡಲಿಕ್ಕೆ ಏನಿದೆ ಎಂದು ನನ್ನ ಅಮ್ಮನೇ ಕೇಳುತ್ತಿದ್ದರು. ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮಗೆ ಹೇಳುತ್ತೇನೆ.

ಈಗ ನಮ್ಮ ಕಡೆ, ಕುಂಬಳೆ ಇರಲಿ, ಉಪ್ಪಳ ಇರಲಿ, ಈ ಬದಿಯಡ್ಕವೇ ಇರಲಿ, ಮನೆಯಲ್ಲೇ ಕೇಕ್ ಮಾಡಿ ಮಾರುವ ಅಕ್ಕಂದಿರು ಬೇಕಾದಷ್ಟು ಇದ್ದಾರೆ. ನನ್ನ ತಂಗಿಯೂ ಅವರಲ್ಲಿ ಒಬ್ಬಳು. ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿ, ಗ್ರೈಂಡರ್, ಗ್ಯಾಸ್ ಒಲೆ ಎಲ್ಲ ಸೇರಿ ಜಾಗ ಇರಲಿಲ್ಲ. ಹಾಗಾಗಿ ಓಟಿಜಿಯನ್ನು ಒಂದು ಗಿಡ್ಡ ಬೆಂಚಿನ ಮೇಲೆ ಇಟ್ಟಿದ್ದಳು. ಅವಳ ಮೊಮ್ಮಗಳಿಗೆ ಆಗ ಒಂದು ವರ್ಷ ಎರಡು ತಿಂಗಳು. ಹಿಡಿದುಕೊಂಡು ನಿಲ್ಲಲು ಆಗಷ್ಟೇ ಕಲಿತಿದ್ದಳು. ಒಳಗೆ ದೀಪ ಉರಿಯುತ್ತಿತ್ತು, ಕೇಕ್ ಉಬ್ಬುತ್ತಿತ್ತು. ನೋಡಲು ಹೋದ ಮಗು ಎರಡೂ ಅಂಗೈಯನ್ನು ಗಾಜಿಗೆ ಕೊಟ್ಟು ನಿಂತಿತು.

ತಂಗಿ ಫೋನಿನಲ್ಲಿ ಅಳುತ್ತಾ ಹೇಳಿದ್ದು ಒಂದೇ ಮಾತು. "ಅಣ್ಣ, ಅವಳು ಕೈ ತೆಗೆಯಲೇ ಇಲ್ಲ."

ಆ ಮಾತು ನನ್ನನ್ನು ಬಹಳ ಕಾಡಿದೆ. ಬಿಸಿ ತಾಗಿದರೆ ನಾವು ನೀವು ಅರೆಗಳಿಗೆಯಲ್ಲಿ ಕೈ ಎಳೆದುಕೊಳ್ಳುತ್ತೇವೆ. ಆಗ ತಾನೇ ನಿಲ್ಲಲು ಕಲಿತ ಮಗುವಿಗೆ ಆ ಗಾಜೇ ಆಸರೆ. ಕೈ ತೆಗೆದರೆ ಬೀಳುತ್ತದೆ. ಅದಕ್ಕೇ ಸುಡುತ್ತಿದ್ದರೂ ಒರಗಿಕೊಂಡೇ ಕೂಗುತ್ತದೆ. ಮಗುವಿನ ಚರ್ಮ ನಮ್ಮದಕ್ಕಿಂತ ತೆಳು ಬೇರೆ. ನಮ್ಮ ಮಗು ಎರಡು ವಾರದಲ್ಲಿ ಗುಣವಾಯಿತು, ಗುರುತೂ ಉಳಿಯಲಿಲ್ಲ. ತಂಗಿ ಗಾಬರಿಯಲ್ಲೂ ಒಂದು ಒಳ್ಳೆಯ ಕೆಲಸ ಮಾಡಿದ್ದಳು: ಟೂತ್‌ಪೇಸ್ಟ್, ತುಪ್ಪ ಅಂತ ಏನೂ ಬಳಿಯದೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿಗೆ ಕೈ ಹಿಡಿದಳು. ಸುಟ್ಟ ಕೂಡಲೇ ಮಾಡಬೇಕಾದದ್ದು ಅಷ್ಟೇ. ಐಸ್ ಕೂಡ ಬೇಡ.

ಚರ್ಮ ಎಷ್ಟು ಬಿಸಿಗೆ ಸುಡುತ್ತದೆ? ಇದನ್ನು 1947ರಲ್ಲಿ ಹಾರ್ವರ್ಡ್‌ನ ಮೋರಿಟ್ಜ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಅಳೆದರು. ಚರ್ಮ 44 ಡಿಗ್ರಿಯಲ್ಲಿ ಇದ್ದರೆ ಸುಡಲು ಸುಮಾರು ಆರು ಗಂಟೆ ಬೇಕು. 60 ಡಿಗ್ರಿಯಾದರೆ ಐದೇ ಸೆಕೆಂಡು ಸಾಕು. ನಡುವೆ ಇರುವುದು ಬರೀ 16 ಡಿಗ್ರಿ. ಬಾಗಿಲು ಮಾಡುವವನ ಬದುಕೆಲ್ಲ ಆ 16 ಡಿಗ್ರಿಯೊಳಗೇ ಕಳೆಯುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ನಾನು ಹೇಳಿದ್ದು ಚರ್ಮದ ಬಿಸಿ, ಬಾಗಿಲಿನ ಬಿಸಿ ಅಲ್ಲ. ಎರಡೂ ಬೇರೆ. ನಿಮ್ಮ ಮನೆಯಲ್ಲಿ ಗೆರಟೆಯ ಸೌಟು ಇದೆಯಲ್ವಾ? ಕುದಿಯುವ ಸಾರಿನಲ್ಲೇ ಅದ್ದಿಟ್ಟರೂ ಅದರ ಹಿಡಿ ಕೈ ಸುಡುವುದಿಲ್ಲ. ಸ್ಟೀಲ್ ಸೌಟನ್ನು ಹಾಗೆ ಬಿಟ್ಟು ಹಿಡಿದು ನೋಡಿ! ಒಂದು ಕಾರಣ, ಸ್ಟೀಲು ಬಿಸಿಯನ್ನು ಹಿಡಿಯವರೆಗೆ ಸಾಗಿಸುತ್ತದೆ. ಇನ್ನೊಂದು ಕಾರಣ ಸೂಕ್ಷ್ಮದ್ದು. ಎರಡೂ ಹಿಡಿ ಒಂದೇ ಬಿಸಿಯಲ್ಲಿದ್ದರೂ ಸ್ಟೀಲೇ ಹೆಚ್ಚು ಸುಡುತ್ತದೆ. ಮರ ತನ್ನ ಒಳಗಿನ ಬಿಸಿಯನ್ನು ಕೈಗೆ ನಿಧಾನಕ್ಕೆ ಕೊಡುತ್ತದೆ, ಸ್ಟೀಲು ಒಮ್ಮೆಲೇ ಸುರಿಯುತ್ತದೆ. 70 ಡಿಗ್ರಿಯ ಮರ, 70 ಡಿಗ್ರಿಯ ಗಾಜು, 70 ಡಿಗ್ರಿಯ ಸ್ಟೀಲು ಮುಟ್ಟಿದಿರಿ ಎಂದುಕೊಳ್ಳಿ. ಲೆಕ್ಕ ಹಾಕಿದರೆ, ಮುಟ್ಟಿದ ಕ್ಷಣದಲ್ಲಿ ಚರ್ಮದ ಮೇಲ್ಮೈ ಮರದಲ್ಲಿ ಸುಮಾರು 42ಕ್ಕೆ, ಗಾಜಿನಲ್ಲಿ 53ರ ಹತ್ತಿರಕ್ಕೆ, ಸ್ಟೀಲಿನಲ್ಲಿ 64ಕ್ಕೆ ಹೋಗುತ್ತದೆ.

ಇದಕ್ಕೇ ಮಾನದಂಡದಲ್ಲೂ ಬೇರೆ ಬೇರೆ ಮಿತಿ ಇದೆ. ಮನೆಬಳಕೆಯ ವಿದ್ಯುತ್ ಸಾಮಾನುಗಳಿಗೆ ಐಇಸಿ 60335 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಸ್ವಲ್ಪ ಹೊತ್ತು ಮಾತ್ರ ಹಿಡಿಯುವ ಹಿಡಿ ಲೋಹದ್ದಾದರೆ 35 ಡಿಗ್ರಿ ಏರಬಹುದು, ಗಾಜು ಪಿಂಗಾಣಿಯದ್ದಾದರೆ 45, ಮರ ಅಥವಾ ಪ್ಲಾಸ್ಟಿಕ್ಕಾದರೆ 60. ಏರಬಹುದು ಎಂದರೆ ಕೋಣೆಯ ಬಿಸಿಗಿಂತ ಅಷ್ಟು ಮೇಲೆ. ಪರೀಕ್ಷೆ ಮಾಡುವ ಕೋಣೆ 20 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಅಲ್ಲಿ 35 ಏರಿದರೆ 55. ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆ ಹೇಗಿರುತ್ತದೆ? ಮಧ್ಯಾಹ್ನ ಹೊತ್ತಿಗೆ 35. ಅದೇ ಹಿಡಿ ಇಲ್ಲಿ 70 ಆಯಿತು. ಪರೀಕ್ಷೆಯಲ್ಲಿ ಪಾಸಾದ ಬಾಗಿಲು ಕಾಸರಗೋಡಿನಲ್ಲಿ ಮಗುವಿನ ಕೈ ಸುಡಬಹುದು. ತಣ್ಣಗಿನ ಬಾಗಿಲು ಎಂದು ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡುವಾಗ ಇದು ನೆನಪಿರಲಿ.

ಈಗ ಬಾಗಿಲಿನ ಕೆಲಸಕ್ಕೆ ಬರುತ್ತೇನೆ. ಗಾಜೇ ಇಲ್ಲದಿದ್ದರೆ ಇದು ಬಹಳ ಸುಲಭ. ಎರಡು ತಗಡಿನ ನಡುವೆ ಗ್ಲಾಸ್‌ವೂಲ್, ಅಂದರೆ ಹತ್ತಿಯಂಥ ಗಾಜಿನ ನಾರು, ತುಂಬಿದರೆ ಆಯಿತು. ಓವನ್ನಿನ ಮೈಗೆಲ್ಲ ಹಾಗೇ ಮಾಡುತ್ತಾರೆ. ಆದರೆ ಕೇಕ್ ಮಾಡುವವರಿಗೆ ಒಳಗೆ ಕಾಣಬೇಕು. ಕಾಣದಿದ್ದರೆ ಬಾಗಿಲು ತೆಗೆದು ನೋಡುತ್ತಾರೆ, ಬಿಸಿ ಹೊರಗೆ ಹೋಗಿ ಕೇಕ್ ಕುಸಿಯುತ್ತದೆ. ಹಾಗಾಗಿ ಬೆಳಕು ಹೊರಗೆ ಬರಬೇಕು, ಬಿಸಿ ಬರಬಾರದು.

ಎಲ್ಲರೂ ಮೊದಲು ಕೇಳುವುದು, "ಗಾಜು ದಪ್ಪ ಮಾಡಿದರೆ ಸಾಕಲ್ವಾ?" ಸಾಕಾಗುವುದಿಲ್ಲ. ಗಾಜು ನಿಂತ ಗಾಳಿಗಿಂತ ಸುಮಾರು 40 ಪಟ್ಟು ಸಲೀಸಾಗಿ ಬಿಸಿ ಸಾಗಿಸುತ್ತದೆ. 4 ಮಿಲಿಮೀಟರ್ ಗಾಜನ್ನು 8 ಮಾಡಿದರೆ ಬಾಗಿಲು ಭಾರವಾಗುತ್ತದೆ, ತಣ್ಣಗಾಗುವುದಿಲ್ಲ. ತಡೆಯುವ ಕೆಲಸ ಮಾಡುವುದು ಎರಡು ಗಾಜಿನ ನಡುವಿನ ಸಂದು. ಆ ಸಂದಿನ ಗಾಳಿ. ಅದಕ್ಕೇ ಒಳ್ಳೆಯ ಬಾಗಿಲಿನಲ್ಲಿ ಮೂರು ಗಾಜು ಇರುತ್ತವೆ. 480–500 ಡಿಗ್ರಿಗೆ ಕಾಯಿಸಿ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳುವ ಓವನ್‌ಗಳಲ್ಲಿ ಹೆಚ್ಚಾಗಿ ನಾಲ್ಕು. ಸಂದು ತೀರಾ ಕಿರಿದಾದರೆ ಬಿಸಿ ದಾಟಿಬಿಡುತ್ತದೆ. ತೀರಾ ಅಗಲವಾದರೆ ಒಳಗೇ ಗಾಳಿ ಸುತ್ತು ಹೊಡೆದು ಬಿಸಿಯನ್ನು ಆಚೆ ದಡಕ್ಕೆ ಹೊತ್ತು ಹಾಕುತ್ತದೆ. ನಾವು ಒಂದೊಂದು ಮಿಲಿಮೀಟರ್ ಹೆಚ್ಚು ಕಡಿಮೆ ಮಾಡಿ, ಗಾಜಿಗೆಲ್ಲ ಥರ್ಮೋಕಪಲ್ ಎಂಬ ಕೂದಲಿನಷ್ಟು ಸಪೂರ ತಂತಿ ಅಂಟಿಸಿ, ದಿನಗಟ್ಟಲೆ ಅಳೆಯುತ್ತಿದ್ದೆವು.

ಆದರೆ ಸಂದು ಒಂದೇ ಸಾಲದು. ಬಿಸಿ ಗಾಳಿಯ ಹಂಗಿಲ್ಲದೆಯೂ ಬರುತ್ತದೆ. ಬಚ್ಚಲೊಲೆಯ ಮುಂದೆ ಕೂತರೆ ಮುಖಕ್ಕೆ ಝಳ ಬಡಿಯುತ್ತದೆ, ಅಡ್ಡ ಒಂದು ಹಾಳೆ ಹಿಡಿದ ಕೂಡಲೇ ನಿಲ್ಲುತ್ತದೆ. ಆ ಝಳ ಬಿಸಿ ಏರಿದ ಹಾಗೆ ವಿಪರೀತ ಏರುತ್ತದೆ. 200 ಡಿಗ್ರಿಯ ಮೈಯಿಂದ ಹೊರಡುವ ಝಳ 30 ಡಿಗ್ರಿಯ ಮೈಯಿಂದ ಹೊರಡುವುದಕ್ಕಿಂತ ಸುಮಾರು ಆರು ಪಟ್ಟು. ಇದನ್ನು ತಡೆಯಲು ನಡುವಿನ ಗಾಜಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪ ಕೊಡುತ್ತಾರೆ. ಯಾವುದರ ಲೇಪ ಗೊತ್ತಾ? ತವರದ ಆಕ್ಸೈಡು, ಜೊತೆಗೆ ಚೂರು ಫ್ಲೋರಿನ್. ನಮ್ಮ ಅಜ್ಜಿಯಂದಿರ ತಾಮ್ರದ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಅದೇ ತವರ. ಈ ಲೇಪ ಬೆಳಕನ್ನು ಬಿಡುತ್ತದೆ, ಝಳವನ್ನು ಹೆಚ್ಚುಕಡಿಮೆ ಹತ್ತರಲ್ಲಿ ಎಂಟು ಪಾಲು ಹಿಂದಕ್ಕೆ ಕಳಿಸುತ್ತದೆ. ಇದನ್ನು ಮೊದಲ ಸಲ ಅಳೆದು ನೋಡಿದ ದಿನದ ಖುಷಿ ನನಗೆ ಇನ್ನೂ ಇದೆ.

ಅದಕ್ಕೇ ಒಂದು ವಿನಂತಿ. ಬಾಗಿಲು ಬಿಚ್ಚಿ ಒಳಗಿನ ಗಾಜು ತೊಳೆಯುವಾಗ ಸ್ಟೀಲ್ ನಾರು ಹಾಕಿ ತಿಕ್ಕಬೇಡಿ. ಗೀರು ಬಿದ್ದರೆ ಲೇಪವೂ ಕೆಡುತ್ತದೆ, ಹದ ಕೊಟ್ಟ ಗಾಜು ಮುಂದೊಂದು ದಿನ ಪುಡಿಯಾಗಲೂಬಹುದು. ಗಾಜಿನ ಮೂಲೆಯಲ್ಲಿ ಗುರುತು ಇದ್ದರೆ ಮೊದಲಿದ್ದ ಹಾಗೇ ವಾಪಸು ಕೂರಿಸಿ.

ಇನ್ನು ನನಗೆ ತುಂಬಾ ಇಷ್ಟದ ಭಾಗ. ನಮ್ಮ ಹಳೇ ಹೆಂಚಿನ ಮನೆಗಳಲ್ಲಿ ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಇರುತ್ತದೆ. ಏಪ್ರಿಲ್ ಬಿಸಿಲಿಗೆ ಹೆಂಚು ಮುಟ್ಟಲಾಗದಷ್ಟು ಕಾದರೂ ಮುಚ್ಚಿಗೆಯ ಕೆಳಗೆ ಮಲಗಬಹುದು. ಯಾಕೆ? ಹೆಂಚಿಗೂ ಮುಚ್ಚಿಗೆಗೂ ನಡುವೆ ಗಾಳಿ ಇದೆ, ಆ ಗಾಳಿ ನಿಂತಿಲ್ಲ. ಮಾಡಿನ ಅಂಚಿನಿಂದ ಒಳಗೆ ಬಂದು, ಕಾದು, ಮೇಲೆ ಹೆಂಚಿನ ಸಂದಿಗಳಲ್ಲಿ ಹೊರಗೆ ಹೋಗುತ್ತದೆ. ಹೋಗುವಾಗ ಬಿಸಿಯನ್ನು ಹೊತ್ತುಕೊಂಡೇ ಹೋಗುತ್ತದೆ.

ಓವನ್ ಬಾಗಿಲೂ ಹಾಗೆಯೇ. ಅತೀ ಹೊರಗಿನ ಗಾಜಿನ ಹಿಂದಿನ ಸಂದನ್ನು ಮುಚ್ಚುವುದಿಲ್ಲ. ಕೆಳಗೆ ಒಂದು ಸೀಳು, ಮೇಲೆ ಒಂದು ಸೀಳು. ನೋಡಿ, ಈ ಊದುಬತ್ತಿಯನ್ನು ಬಾಗಿಲಿನ ಕೆಳಗಿನ ಸೀಳಿನ ಹತ್ತಿರ ಹಿಡಿಯುತ್ತೇನೆ. ಹೊಗೆ ನೆಟ್ಟಗೆ ಮೇಲೆ ಹೋಗುವ ಬದಲು ಬಾಗಿತಲ್ಲ? ಈಗ ಒಳಗೆ ಸೇರಿತು. ಗಾಜಿನ ಹಿಂದೆ ಎಳೆಯಾಗಿ ಏರುತ್ತಿದೆ, ಮುಂದಿನ ಸಾಲಿನವರಿಗೆ ಕಾಣುತ್ತಿರಬೇಕು. ಅಗೋ, ಹಿಡಿಯ ಮೇಲೆ ಹೊರಗೆ ಬಂತು. ಮೇಲಿನ ಸ್ವಿಚ್ಚಿನ ಪಟ್ಟಿಯ ಹಿಂದೆ ಒಂದು ಸಣ್ಣ ಫ್ಯಾನ್ ಇದೆ. ಅದು ಈ ಎಳೆತವನ್ನು ಜೋರು ಮಾಡುತ್ತದೆ.

ಆಚಾರಿಗಳು ಐದಾರು ಜನ ಬಂದಿದ್ದೀರಿ. ಇದನ್ನು ನಿಮಗಾಗಿಯೇ ತೋರಿಸಿದೆ. ಅಡುಗೆಮನೆಯ ಕಪಾಟಿನೊಳಗೆ ಓವನ್ ಕೂರಿಸುವಾಗ ಕೆಳಗೆ ಸಂದು ಕಂಡರೆ ನಿಮಗೆ ಮನಸ್ಸು ಕೇಳುವುದಿಲ್ಲ. ಕೆಲಸ ನೀಟಾಗಲಿ ಅಂತ ಒಂದು ಮರದ ಪಟ್ಟಿ ಹೊಡೆದುಬಿಡುತ್ತೀರಿ. ಹೀಗೆ ಸಂದು ಮುಚ್ಚಿದ ಮನೆಗಳನ್ನು ನಾನು ಕಂಡಿದ್ದೇನೆ. ಆಚಾರಿಯ ತಪ್ಪು ಅನ್ನಲಾರೆ, ಅದು ಗಾಳಿ ಉಸಿರಾಡುವ ದಾರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಓವನ್ ಜೊತೆ ಬರುವ ಪುಸ್ತಕದಲ್ಲಿ ಎಷ್ಟು ಸಂದು ಬಿಡಬೇಕು ಎಂದು ಚಿತ್ರ ಸಮೇತ ಇರುತ್ತದೆ. ಮನೆಯವರಿಂದ ಕೇಳಿ ಪಡೆಯಿರಿ. ಅಕ್ಕಂದಿರೇ, ನೀವೂ ಹಿಡಿಗೆ ಮಸಿಬಟ್ಟೆ ನೇತು ಹಾಕಬೇಡಿ. ಅದು ಬಾಗಿಲಿನ ಗಾಳಿದಾರಿಗೆ ಅಡ್ಡ ಬರುತ್ತದೆ. ಬಾಗಿಲಿನ ಸುತ್ತ ಬಿಸಿಗಾಳಿ ಸೋರದಂತೆ ಇರುವ ಮೆತ್ತನೆಯ ಪಟ್ಟಿ, ಗ್ಯಾಸ್ಕೆಟ್, ಹರಿದಿದ್ದರೂ ಕಷ್ಟವೇ. ಒಳಗಿನ ಬಿಸಿಗಾಳಿ ಸೀದಾ ಹಿಡಿಗೇ ಬಡಿಯುತ್ತದೆ.

ಫ್ಯಾನ್ ವಿಷಯದಲ್ಲಿ ನನಗೆ ಒಂದು ಹಠ ಇದೆ. ಜೂನ್‌ನಲ್ಲಿ ಗಾಳಿಮಳೆ ಶುರುವಾದರೆ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು. ಓವನ್ 200ರಲ್ಲಿ ಇರುವಾಗ ಹೋದರೆ ಫ್ಯಾನೂ ನಿಂತಿತು. ಒಳಗಿನ ಬಿಸಿ ಮಾತ್ರ ಹಾಗೇ ಇರುತ್ತದೆ, ಹೊರಗೆ ಬರುತ್ತಲೇ ಇರುತ್ತದೆ. ಕತ್ತಲಲ್ಲಿ ತಡಕಾಡುವ ಕೈ ತಾಗುವುದೂ ಆಗಲೇ. ಕರೆಂಟು ಹೋಗದಿದ್ದರೂ ನಾವೇ ನಿಲ್ಲಿಸುತ್ತೇವೆ. ಬೇಯಿಸಿ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡುವುದು ನಮ್ಮ ಅಭ್ಯಾಸ. ಆಮೇಲೂ ಸ್ವಲ್ಪ ಹೊತ್ತು ಗುಂಯ್ ಅನ್ನುವ ಫ್ಯಾನು ಕರೆಂಟು ದಂಡ ಮಾಡುತ್ತಿಲ್ಲ, ಬಾಗಿಲು ತಣ್ಣಗೆ ಮಾಡುತ್ತಿದೆ. ಅದು ತಾನಾಗಿ ನಿಲ್ಲುವವರೆಗೆ ಗೋಡೆ ಸ್ವಿಚ್ ಮುಟ್ಟಬೇಡಿ.

ಆದರೆ ಈ ಭಾರವನ್ನು ಮನೆಯವರ ಮೇಲೆ ಮಾತ್ರ ಹೊರಿಸುವುದು ಸರಿಯಲ್ಲ. ಫ್ಯಾನ್ ನಿಂತರೂ ಬಾಗಿಲು ತನ್ನಷ್ಟಕ್ಕೇ ಉಸಿರಾಡಬೇಕು. ಸೀಳು ಅಷ್ಟು ಅಗಲ ಇರಬೇಕು, ಲೇಪ ಇರಬೇಕು, ಮೂರನೇ ಗಾಜು ಇರಬೇಕು. ಇದನ್ನು ನಾನು ಕೆಲಸದಲ್ಲಿದ್ದಾಗ ಮೀಟಿಂಗಿನಲ್ಲೆಲ್ಲ ಹೇಳುತ್ತಿದ್ದೆ. ಖರ್ಚು ಉಳಿಸಬೇಕೆಂದಾಗ ಮೊದಲು ಹೋಗುವುದು ಮೂರನೇ ಗಾಜೇ. ಅಂಗಡಿಯಲ್ಲಿ ಯಾರೂ ಎಷ್ಟು ಗಾಜು ಎಂದು ಕೇಳುವುದಿಲ್ಲ ಎಂದು ಉತ್ತರ ಬರುತ್ತಿತ್ತು. ಕೇಳಿ. ಎಷ್ಟು ಲೀಟರ್ ಎಂದು ಕೇಳುವ ಹಾಗೆಯೇ, ಬಾಗಿಲಿಗೆ ಎಷ್ಟು ಗಾಜು ಎಂದೂ ಕೇಳಿ.

ಒಂದೇ ಗಾಜಿನ ಓಟಿಜಿ ಇರುವವರು ಹೆದರಿ ಬಿಸಾಡಬೇಕಾಗಿಲ್ಲ. ಮಗುವಿನ ಕೈಗೆ ಎಟುಕದ ಎತ್ತರದಲ್ಲಿ, ಕಟ್ಟೆಯ ಅಂಚಿನಿಂದ ಹಿಂದಕ್ಕೆ, ಆದರೆ ಗೋಡೆಗೆ ತಾಗದ ಹಾಗೆ ಇಡಿ. ವಯರು ಕೆಳಗೆ ಜೋತು ಬೀಳದಿರಲಿ. ತಂಗಿ ಈಗ ಗ್ರೈಂಡರನ್ನು ಚಾವಡಿಗೆ ಕಳಿಸಿ ಓಟಿಜಿಯನ್ನು ಕಟ್ಟೆಗೆ ಏರಿಸಿದ್ದಾಳೆ.

ಸರಿ, ಒಂದು ಗಂಟೆ ಆಯಿತು. ಈ ಮೀಟರ್ ನೋಡಿ. ಕೋಣೆ 33 ಡಿಗ್ರಿ. ಓಟಿಜಿಯ ಗಾಜು 112. ಮೂರು ಗಾಜಿನ ಬಾಗಿಲು 52. ಓಟಿಜಿಯನ್ನು ಯಾರೂ ಮುಟ್ಟಬೇಡಿ, ಅಂಗೈ ಒಂದು ಗೇಣು ದೂರ ಹಿಡಿದರೆ ಝಳ ಗೊತ್ತಾಗುತ್ತದೆ. ಈ ದೊಡ್ಡ ಬಾಗಿಲಿನ ಗಾಜನ್ನು ಒಬ್ಬೊಬ್ಬರಾಗಿ ಬಂದು ಒಂದು ಕ್ಷಣ ಮುಟ್ಟಿ ನೋಡಿ. ಅಂಚಿನ ಸ್ಟೀಲ್ ಪಟ್ಟಿ ಬೇಡ, ಗಾಜು ಮಾತ್ರ.

ಎಲ್ಲರದೂ ಆದ ಮೇಲೆ ಕೆಳಗಿನ ಸೀಳಿಗೆ ಈ ಅಲ್ಯೂಮಿನಿಯಂ ಟೇಪ್ ಅಂಟಿಸುತ್ತೇನೆ. ಆಚಾರ್ರೇ, ಟೇಪ್ ನೀವೇ ಹಚ್ಚಿ. ಹೊರಗೆ ಚಾ ತಯಾರಿದೆ. ಕುಡಿದು ಇಪ್ಪತ್ತು ನಿಮಿಷದಲ್ಲಿ ವಾಪಸು ಬನ್ನಿ, ಮೀಟರ್ ಎಷ್ಟು ತೋರಿಸುತ್ತದೆ ಒಟ್ಟಿಗೆ ನೋಡೋಣ.