ಬರ್ಲಿನ್‌ಗೆ ಮಕ್ಕಳನ್ನು ಕರೆದೊಯ್ಯುವ ಮುನ್ನ

ಎಲ್ಲರಿಗೂ ನಮಸ್ಕಾರ. ಇಲ್ಲಿ ಸೇರಿರುವವರಲ್ಲಿ ಹೆಚ್ಚಿನವರು ಇತಿಹಾಸ ಪಾಠ ಮಾಡುವ ಮೇಷ್ಟ್ರುಗಳು, ಮೇಡಂಗಳು. ಒಂಬತ್ತನೇ, ಹತ್ತನೇ ತರಗತಿಯ ಮಕ್ಕಳನ್ನು ಬೇಸಿಗೆ ರಜೆಯಲ್ಲಿ ಬರ್ಲಿನ್‌ಗೆ ಕರೆದುಕೊಂಡು ಹೋಗಬೇಕು ಅಂತ ನಿಮ್ಮಲ್ಲಿ ಕೆಲವರು ಯೋಚಿಸುತ್ತಿದ್ದೀರಿ. ಆ ಪ್ರವಾಸವನ್ನು ಹೇಗೆ ಯೋಜಿಸಬೇಕು ಎಂಬುದೇ ಇವತ್ತಿನ ವಿಷಯ.

ಟ್ರಾವೆಲ್ಸ್‌ನವರು ಕೊಡುವ ಪಟ್ಟಿಯನ್ನು ನೀವೆಲ್ಲ ನೋಡಿರುತ್ತೀರಿ. ಒಂದೇ ದಿನದಲ್ಲಿ ಹತ್ತು ಜಾಗ. ಬಸ್ಸಿಂದ ಇಳಿ, ಫೋಟೊ ತೆಗೆಸಿಕೋ, ಮತ್ತೆ ಬಸ್ ಹತ್ತು. ಅಷ್ಟು ದೂರ, ಅಷ್ಟು ದುಡ್ಡು ಖರ್ಚು ಮಾಡಿ ಹೋಗುವುದು ಅದಕ್ಕಲ್ಲ. ಮೊದಲು ಒಂದು ಪ್ರಶ್ನೆ ಆರಿಸಿಕೊಳ್ಳಿ. ಆ ಪ್ರಶ್ನೆಗೆ ಬೇಕಾದ ಜಾಗಗಳನ್ನು ಆಮೇಲೆ ಆರಿಸಿ. ಉಳಿದದ್ದನ್ನು ಧೈರ್ಯವಾಗಿ ಬಿಟ್ಟುಬಿಡಿ.

ನಾನಾದರೆ ಕೇಳುವ ಪ್ರಶ್ನೆ ಇದು. ಲಕ್ಷಾಂತರ ಯಹೂದಿಗಳ ಕೊಲೆ ಹಿಟ್ಲರ್ ಒಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ. ಹಾಗಾದರೆ ಉಳಿದವರು ಏನು ಮಾಡುತ್ತಿದ್ದರು? ಕಾಲೇಜು ಹುಡುಗರು, ಗುಮಾಸ್ತರು, ರೈಲ್ವೆ ನೌಕರರು, ಪಕ್ಕದ ಮನೆಯವರು?

ಈ ಪ್ರಶ್ನೆ ನಮ್ಮ ಮಕ್ಕಳಿಗೆ ಬಹಳ ಮುಖ್ಯ. ಹಿಟ್ಲರ್ ಅಂದರೆ ಶಿಸ್ತು, ಹಿಟ್ಲರ್ ಅಂದರೆ ಗಟ್ಟಿ ನಾಯಕ ಎನ್ನುವ ಮಾತು ನಮ್ಮಲ್ಲಿ ಸಲೀಸಾಗಿ ಓಡಾಡುತ್ತದೆ. ಅವನ ಆತ್ಮಕಥೆ ಫುಟ್‌ಪಾತ್ ಅಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಮಾರಾಟಕ್ಕೆ ಇರುತ್ತದೆ. ಪಾಠದಲ್ಲಿ ಅರವತ್ತು ಲಕ್ಷ ಯಹೂದಿಗಳ ಕೊಲೆ ಎಂದು ಓದುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ. ಆದರೆ ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಇಳಿಯುವುದಿಲ್ಲ. ಬರ್ಲಿನ್ ಆ ಸಂಖ್ಯೆಯನ್ನು ಒಂದೊಂದೇ ಹೆಸರಾಗಿ ಬಿಡಿಸಿ ತೋರಿಸುತ್ತದೆ.

ಮೊದಲ ದಿನ ಮಕ್ಕಳಿಗೆ ನಿದ್ದೆ ಸರಿಯಾಗಿ ಆಗಿರುವುದಿಲ್ಲ. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಹಾಗಾಗಿ ಆವತ್ತು ಸುಮ್ನೆ ನಡೆದಾಡಿಸಿ. ಬ್ರಾಂಡೆನ್‌ಬುರ್ಗ್ ದ್ವಾರದಿಂದ ಉಂಟರ್ ಡೆನ್ ಲಿಂಡೆನ್ ಬೀದಿ ಹಿಡಿದು ಪೂರ್ವಕ್ಕೆ ಹೋದರೆ ಬಲಕ್ಕೆ ಬೇಬೆಲ್‌ಪ್ಲಾಟ್ಸ್ ಎಂಬ ಚೌಕ ಸಿಗುತ್ತದೆ. 1933ರ ಮೇ 10ರ ರಾತ್ರಿ ಇಲ್ಲಿ ನಾಜಿಗಳಿಗೆ ಒಗ್ಗದ ಪುಸ್ತಕಗಳನ್ನು ಸುಟ್ಟರು. ಸುಟ್ಟವರಲ್ಲಿ ಮುಂದೆ ನಿಂತವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಇದನ್ನು ಮಕ್ಕಳಿಗೆ ಒತ್ತಿ ಹೇಳಿ. ಚೌಕದ ನಡುವೆ ನೆಲಕ್ಕೆ ಒಂದು ಗಾಜು ಹಾಕಿದ್ದಾರೆ. ಬಗ್ಗಿ ನೋಡಿದರೆ ಕೆಳಗೊಂದು ಬಿಳಿ ಕೋಣೆ, ಸುತ್ತ ಖಾಲಿ ಕಪಾಟುಗಳು. ಸುಮಾರು 20,000 ಪುಸ್ತಕ ಹಿಡಿಯುವಷ್ಟು ಜಾಗ, ಒಂದು ಪುಸ್ತಕವೂ ಇಲ್ಲ. ಇಸ್ರೇಲಿನ ಕಲಾವಿದ ಮಿಖಾ ಉಲ್ಮನ್ 1995ರಲ್ಲಿ ಮಾಡಿದ್ದು.

ರಸ್ತೆಯ ಆಚೆ ಬದಿಗೆ ಹುಂಬೋಲ್ಟ್ ವಿಶ್ವವಿದ್ಯಾಲಯ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಡಾಕ್ಟರೇಟ್ ಮಾಡಿದ್ದು ಇದೇ ವಿಶ್ವವಿದ್ಯಾಲಯದಲ್ಲಿ, ನಾಜಿಗಳು ಅಧಿಕಾರದ ಹೊಸ್ತಿಲಲ್ಲಿದ್ದ ಕಾಲದಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿಗೆ ಬಂದು, ಗೇಣಿದಾರರ ಸತ್ಯಾಗ್ರಹದಲ್ಲಿ ಸೇರಿ ಬಂಧನಕ್ಕೆ ಒಳಗಾದರಲ್ಲ, ಅದೇ ಲೋಹಿಯಾ. ಶಿವಮೊಗ್ಗ ಕಡೆಯ ಮಕ್ಕಳಿದ್ದರೆ ಇದನ್ನು ಖಂಡಿತ ಹೇಳಿ. ಒಂದೇ ಕಾಲ, ಒಂದೇ ಕ್ಯಾಂಪಸ್. ಒಬ್ಬ ಉಪ್ಪಿನ ತೆರಿಗೆಯ ಬಗ್ಗೆ ಪ್ರಬಂಧ ಬರೆಯುತ್ತಿದ್ದ, ಇನ್ನು ಕೆಲವರು ಪುಸ್ತಕ ಸುಡಲು ತಯಾರಾಗುತ್ತಿದ್ದರು. ಹದಿನೈದು ವರ್ಷದ ಮಕ್ಕಳು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಲ್ಲರು.

ಎರಡನೇ ದಿನ ಇಡೀ ಪ್ರವಾಸದ ಜೀವಾಳ. ಅವತ್ತು ಟ್ರಾವೆಲ್ಸ್ ಬಸ್ ಬೇಡ. ಫ್ರೀಡ್ರಿಷ್‌ಸ್ಟ್ರಾಸೆ ನಿಲ್ದಾಣದಲ್ಲಿ ಎಸ್7 ಲೋಕಲ್ ರೈಲು ಹತ್ತಿ ಪಶ್ಚಿಮಕ್ಕೆ ಹೋಗಿ. ದಾರಿಯಲ್ಲಿ ಗ್ರೂನೆವಾಲ್ಡ್ ಬರುತ್ತದೆ. ಮುಂದೆ, ಕೊನೆಯ ಕಡೆಗೆ, ವಾನ್ಸೇ. ಮೊದಲು ವಾನ್ಸೇಗೆ ಹೋಗಿ, ವಾಪಸ್ ಬರುವಾಗ ಗ್ರೂನೆವಾಲ್ಡ್‌ನಲ್ಲಿ ಇಳಿಯಿರಿ. ಈ ಕ್ರಮ ತಪ್ಪಿಸಬೇಡಿ.

ವಾನ್ಸೇ ನಿಲ್ದಾಣದಿಂದ 114 ನಂಬರ್ ಬಸ್ಸು ಕೆರೆ ದಂಡೆಯ ಒಂದು ಬಂಗಲೆಗೆ ಹೋಗುತ್ತದೆ. ಚೆಂದದ ಮನೆ, ಚೆಂದದ ತೋಟ. 1942ರ ಜನವರಿ 20ರಂದು ಇಲ್ಲಿ ಹದಿನೈದು ಮಂದಿ ಸೇರಿದ್ದರು. ಬೇರೆ ಬೇರೆ ಇಲಾಖೆಗಳ ಮತ್ತು ನಾಜಿ ಪಕ್ಷದ ಪಡೆಯಾದ ಎಸ್‌ಎಸ್‌ನ ಹಿರಿಯ ಅಧಿಕಾರಿಗಳು. ಅರ್ಧಕ್ಕಿಂತ ಜಾಸ್ತಿ ಜನ ಡಾಕ್ಟರೇಟ್ ಪಡೆದವರು. ಸಭೆ ನಡೆದದ್ದು ಸುಮಾರು ಒಂದೂವರೆ ಗಂಟೆ. ಯುರೋಪಿನ ಯಹೂದಿಗಳನ್ನು ಕೊಲ್ಲುವ ಕೆಲಸ ಆಗಲೇ ಶುರುವಾಗಿತ್ತು. ಯಾವ ಇಲಾಖೆ ಏನು ಮಾಡಬೇಕು ಎಂದು ಹೊಂದಿಸಿಕೊಳ್ಳುವುದಕ್ಕೆ ಈ ಸಭೆ. ಎಸ್‌ಎಸ್ ಅಧಿಕಾರಿ ಐಕ್‌ಮನ್ ತಯಾರಿಸಿದ ನಡಾವಳಿಯ ಮೂವತ್ತು ಪ್ರತಿಗಳಲ್ಲಿ ಒಂದೇ ಒಂದು ಉಳಿದು, 1947ರಲ್ಲಿ ಸಿಕ್ಕಿತು. ಅದರಲ್ಲಿ ಒಂದು ಪುಟದ ಪಟ್ಟಿಯಿದೆ. ಎಡಕ್ಕೆ ದೇಶದ ಹೆಸರು, ಬಲಕ್ಕೆ ಯಹೂದಿಗಳ ಸಂಖ್ಯೆ, ಕೊನೆಯಲ್ಲಿ ಒಟ್ಟು: ಒಂದು ಕೋಟಿ ಹತ್ತು ಲಕ್ಷಕ್ಕೂ ಮೇಲೆ. ಜರ್ಮನಿ ಎಂದೂ ಆಕ್ರಮಿಸದ ಇಂಗ್ಲೆಂಡ್ ಕೂಡ ಅದರಲ್ಲಿದೆ. ಐರ್ಲೆಂಡಿನ 4,000 ಜನರನ್ನೂ ಬಿಟ್ಟಿಲ್ಲ.

ಆ ಪುಟವನ್ನು ಮಕ್ಕಳ ಮುಂದೆ ಇಟ್ಟು ಹತ್ತು ನಿಮಿಷ ಸುಮ್ಮನಿರಿ. ನೀವು ವಿವರಿಸಬೇಡಿ. ಅವರೇ ಓದಲಿ. ನಮ್ಮ ಮಕ್ಕಳಿಗೆ ಸರ್ಕಾರಿ ಪಟ್ಟಿ ಅಂದರೆ ಗೊತ್ತು. ಅದೇ ಟೈಪು, ಅದೇ ಗೆರೆ, ಅದೇ ಒಟ್ಟು. ಕ್ರೌರ್ಯ ಅಂದರೆ ಕಿರುಚಾಟ ಎಂದುಕೊಂಡಿದ್ದವರಿಗೆ ಇಲ್ಲಿ ಫೈಲು ಕಾಣುತ್ತದೆ.

ಮಧ್ಯಾಹ್ನ ಗ್ರೂನೆವಾಲ್ಡ್. ಅನುಕೂಲಸ್ಥರ ಬಡಾವಣೆ, ಹಳೆಯ ನಿಲ್ದಾಣ. ಅಲ್ಲಿ 17ನೇ ಪ್ಲಾಟ್‌ಫಾರ್ಮಿಗೆ ಈಗ ರೈಲು ಬರುವುದಿಲ್ಲ, ಹಳಿಗಳ ನಡುವೆ ಮರ ಬೆಳೆದಿವೆ. 1941ರ ಅಕ್ಟೋಬರ್ 18ರಂದು ಬರ್ಲಿನ್ನಿನ ಯಹೂದಿಗಳನ್ನು ತುಂಬಿಕೊಂಡ ಮೊದಲ ರೈಲು ಇಲ್ಲಿಂದ ಹೊರಟಿತು. ಒಂದು ಸಾವಿರಕ್ಕೂ ಹೆಚ್ಚು ಜನ. ಅವರನ್ನು ಊರೊಳಗಿನ ಒಂದು ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಕೂಡಿಹಾಕಿ, ಅಲ್ಲಿಂದ ಬೀದಿಗಳಲ್ಲಿ ನಡೆಸಿಕೊಂಡು ಬಂದಿದ್ದರು. ಜನ ನೋಡಿದರು. ಮುಂದೆ ಬರ್ಲಿನ್ನಿಂದ 50,000ಕ್ಕೂ ಹೆಚ್ಚು ಯಹೂದಿಗಳನ್ನು ಹೀಗೆ ಸಾಗಿಸಿದರು. ರೈಲ್ವೆ ಇಲಾಖೆ ಒಬ್ಬೊಬ್ಬರಿಗೂ ಮೂರನೇ ದರ್ಜೆಯ ದರ ಹಾಕಿ ಬಿಲ್ ಮಾಡುತ್ತಿತ್ತು. ಹೋಗುವ ಟಿಕೆಟ್ ಮಾತ್ರ. ಮಕ್ಕಳಿಗೆ ಅರ್ಧ ದರ, ದೊಡ್ಡ ಗುಂಪಿಗೆ ರಿಯಾಯಿತಿ.

ಪ್ಲಾಟ್‌ಫಾರ್ಮಿನ ಎರಡೂ ಅಂಚಿಗೆ 186 ಉಕ್ಕಿನ ಫಲಕಗಳನ್ನು ಜೋಡಿಸಿದ್ದಾರೆ, ಒಂದು ರೈಲಿಗೆ ಒಂದು. ಪ್ರತಿಯೊಂದರ ಮೇಲೆ ತಾರೀಖು, ಎಷ್ಟು ಜನ, ಎಲ್ಲಿಂದ ಎಲ್ಲಿಗೆ. ಲೋಜ್, ರೀಗಾ, ಥೆರೇಸಿಯನ್‌ಷ್ಟಾಟ್, ಆಷ್ವಿಟ್ಸ್. ಯಹೂದಿಗಳನ್ನು ಕೂಡಿಹಾಕಿದ, ಕೊಂದ ಜಾಗಗಳು ಇವು. ಕೊನೆಯ ಫಲಕ ಹುಡುಕಿಸಿ. 1945ರ ಮಾರ್ಚ್ 27, ಹದಿನೆಂಟು ಜನ. ಆಗ ಸೋವಿಯತ್ ಸೈನ್ಯ ಓಡರ್ ನದಿಯವರೆಗೆ ಬಂದು ನಿಂತಿತ್ತು. ಜರ್ಮನಿ ಶರಣಾಗಲು ಒಂದೂವರೆ ತಿಂಗಳೂ ಬಾಕಿಯಿರಲಿಲ್ಲ. ಸೋಲು ಕಣ್ಣೆದುರು ಇದ್ದಾಗಲೂ ಹದಿನೆಂಟು ಜನರಿಗೋಸ್ಕರ ಯಾರೋ ಕಾಗದ ತಯಾರಿಸಿದರು, ಯಾರೋ ಬೋಗಿ ಕೊಟ್ಟರು, ಯಾರೋ ಹಸಿರು ಬಾವುಟ ತೋರಿಸಿದರು. ಯಾಕೆ? ಇದನ್ನು ಮಕ್ಕಳನ್ನೇ ಕೇಳಿ.

ಈ ದಿನಕ್ಕೆ ತಯಾರಿ ಮಾತ್ರ ಇಲ್ಲಿಂದಲೇ ಶುರುವಾಗಬೇಕು. ಬರ್ಲಿನ್ನಿನ ಫುಟ್‌ಪಾತ್‌ಗಳಲ್ಲಿ ಹತ್ತು ಸೆಂಟಿಮೀಟರ್ ಅಗಲದ ಸಣ್ಣ ಹಿತ್ತಾಳೆ ಕಲ್ಲುಗಳಿವೆ. ಷ್ಟೋಲ್ಪರ್‌ಷ್ಟೈನ್ ಎನ್ನುತ್ತಾರೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಶುರು ಮಾಡಿದ್ದು. ನಾಜಿಗಳಿಗೆ ಬಲಿಯಾದವರು ಕೊನೆಯದಾಗಿ ತಮ್ಮ ಇಷ್ಟದಿಂದ ವಾಸವಿದ್ದ ಮನೆಯ ಮುಂದೆ ಹಾಕುತ್ತಾರೆ. ಇಲ್ಲಿ ವಾಸವಾಗಿದ್ದರು ಎಂಬ ಸಾಲು, ಆಮೇಲೆ ಹೆಸರು, ಹುಟ್ಟಿದ ವರ್ಷ, ಸಾಗಿಸಿದ ದಿನ, ಕೊಂದ ಜಾಗ. ಬರ್ಲಿನ್ ಒಂದರಲ್ಲೇ ಹತ್ತು ಸಾವಿರಕ್ಕೂ ಹೆಚ್ಚಿವೆ. ಅದಕ್ಕೆಂದೇ ಇರುವ ವೆಬ್‌ಸೈಟಿನಲ್ಲಿ ಹಲವರ ಬದುಕಿನ ವಿವರವೂ ಸಿಗುತ್ತದೆ.

ಇಬ್ಬಿಬ್ಬರು ಮಕ್ಕಳಿಗೆ ಒಂದು ಹೆಸರು ಕೊಡಿ. ಸಾಗಿಸಿದ ದಿನ ಗೊತ್ತಿರುವ, ಸಾಧ್ಯವಾದರೆ ಅವರದೇ ವಯಸ್ಸಿನ ಹೆಸರು. ಆ ಹುಡುಗನ ಅಪ್ಪ ಏನು ಕೆಲಸ ಮಾಡುತ್ತಿದ್ದರು, ಯಾವ ಶಾಲೆ, ಶಾಲೆಯಿಂದ ಯಾವಾಗ ತೆಗೆದರು, ಇಷ್ಟನ್ನು ಹುಡುಕಿ ಒಂದು ಪುಟ ಬರೆಯಲಿ. ಬರ್ಲಿನ್ನಿನಲ್ಲಿ ಆ ಕಲ್ಲನ್ನು ಹುಡುಕಲಿ. ಒದ್ದೆ ಬಟ್ಟೆಯಿಂದ ಒರೆಸಲಿ. ಅಲ್ಲಿನ ಶಾಲಾ ಮಕ್ಕಳೂ ಒರೆಸುತ್ತಾರೆ. ಆಮೇಲೆ ಗ್ರೂನೆವಾಲ್ಡ್‌ನಲ್ಲಿ ಅದೇ ತಾರೀಖಿನ ಫಲಕದ ಮುಂದೆ ನಿಲ್ಲಲಿ. ಕೆಲವು ರೈಲುಗಳು ಮೊವಾಬಿಟ್ ಮತ್ತು ಅನ್‌ಹಾಲ್ಟರ್ ನಿಲ್ದಾಣಗಳಿಂದ ಹೊರಟಿದ್ದವು, ಅದನ್ನೂ ಮೊದಲೇ ತಿಳಿಸಿ. ಆ ಫಲಕದ ಮೇಲಿನ ಸಂಖ್ಯೆಯಲ್ಲಿ ಒಂದು ಯಾರು ಎಂದು ಅವರಿಗೆ ಗೊತ್ತಿರುತ್ತದೆ. ಬೇರೆ ಯಾವ ರೀತಿಯಲ್ಲೂ ಇದನ್ನು ಕಲಿಸಲು ಆಗುವುದಿಲ್ಲ ಎಂದೇ ನನ್ನ ನಂಬಿಕೆ.

ಅವತ್ತು ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ. ಮಕ್ಕಳು ಆಡಲಿ, ಹೊಟ್ಟೆ ತುಂಬ ತಿನ್ನಲಿ. ಸಸ್ಯಾಹಾರಿಗಳಿಗೆ ಬರ್ಲಿನ್ ಕಷ್ಟದ ಊರಲ್ಲ. ಬೀದಿಬೀದಿಯಲ್ಲಿ ಫಲಾಫೆಲ್ ಅಂಗಡಿಗಳಿವೆ. ಚಟ್ನಿಪುಡಿ ಹೇಗೂ ಎಲ್ಲರ ಬ್ಯಾಗಿನಲ್ಲಿ ಇರುತ್ತೆ ಅಲ್ವಾ.

ಮೂರನೇ ದಿನ ಬರ್ಲಿನ್ ಗೋಡೆಗೆ, ಯುದ್ಧದ ನಂತರ ಪೂರ್ವ, ಪಶ್ಚಿಮ ಎಂದು ಎರಡಾದ ಊರಿನ ನಡುವೆ ಎದ್ದಿದ್ದ ಗೋಡೆಗೆ. ಆಗಿನ ಗಡಿ ತಪಾಸಣಾ ಠಾಣೆ ಚೆಕ್‌ಪಾಯಿಂಟ್ ಚಾರ್ಲಿಗೆ ಹೋಗಲೇಬೇಕೆಂದು ಮಕ್ಕಳು ಹಟ ಮಾಡುತ್ತಾರೆ. ಈಗ ಅಲ್ಲಿರುವುದು ಹೊಸದಾಗಿ ಕಟ್ಟಿದ ಕಾವಲು ಗೂಡು, ಸುತ್ತ ಅಂಗಡಿಗಳು. ಹತ್ತು ನಿಮಿಷ ಸಾಕು. ಅರ್ಧ ದಿನವನ್ನು ಬೆರ್ನಾವರ್ ಸ್ಟ್ರಾಸೆಗೆ ಕೊಡಿ. ಈ ಬೀದಿಯಲ್ಲಿ ಒಂದು ಬದಿಯ ಮನೆಗಳು ಪೂರ್ವ ಬರ್ಲಿನ್ನಿಗೆ ಸೇರಿದ್ದವು, ಅದೇ ಮನೆಗಳ ಮುಂದಿನ ಫುಟ್‌ಪಾತ್ ಪಶ್ಚಿಮಕ್ಕೆ. 1961ರ ಆಗಸ್ಟ್ 13ರಂದು ಗಡಿ ಮುಚ್ಚಿದಾಗ ಜನ ತಮ್ಮ ಮನೆಯ ಕಿಟಕಿಯಿಂದ ಬೇರೆ ಲೋಕಕ್ಕೆ ಜಿಗಿಯಬೇಕಾಯಿತು. ಇಡಾ ಸೀಕ್‌ಮನ್ ಎಂಬಾಕೆ ಆಗಸ್ಟ್ 22ರ ಬೆಳಿಗ್ಗೆ ಮೂರನೇ ಮಹಡಿಯಿಂದ ಹಾಸಿಗೆ ಬಟ್ಟೆಗಳನ್ನು ಎಸೆದು, ಹಿಂದೆಯೇ ಜಿಗಿದು ಪ್ರಾಣ ಬಿಟ್ಟರು. ಮರುದಿನ ಅವರಿಗೆ 59 ತುಂಬುತ್ತಿತ್ತು. ಗೋಡೆಯ ಕಾರಣಕ್ಕೆ ಸತ್ತವರಲ್ಲಿ ಅವರೇ ಮೊದಲಿಗರು. ಒಟ್ಟು 140 ಜನವಾದರೂ ಸತ್ತರು. ಎದುರಿನ ಕಟ್ಟಡದ ವೀಕ್ಷಣಾ ಗೋಪುರ ಹತ್ತಿದರೆ ಒಳಗೋಡೆ, ಹೊರಗೋಡೆ, ನಡುವಿನ ಕಾವಲು ಪಟ್ಟಿ ಎಲ್ಲ ಮೂಲ ಜಾಗದಲ್ಲೇ ಕಾಣುತ್ತವೆ. ಸೋಮವಾರ ಆ ಕಟ್ಟಡಕ್ಕೆ ರಜೆ, ನೆನಪಿಡಿ. ಇಲ್ಲೂ ಅದೇ ಪ್ರಶ್ನೆ ಕೇಳಬಹುದು. ಗುಂಡು ಹಾರಿಸಿದ ಕಾವಲುಗಾರರಿಗೆ ಎಷ್ಟು ವಯಸ್ಸಾಗಿತ್ತು? ಇಪ್ಪತ್ತರ ಆಸುಪಾಸಿನ ಹುಡುಗರೇ ಹೆಚ್ಚು.

ನಾಜಿಗಳ ಸಾಕ್ಸೆನ್‌ಹೌಸೆನ್ ಸೆರೆ ಶಿಬಿರದ ಬಗ್ಗೆ ಕೆಲವರು ಕೇಳಿದ್ದೀರಿ. ಊರಿಂದ ಉತ್ತರಕ್ಕೆ, ಓರಾನಿಯೆನ್‌ಬುರ್ಗ್‌ನಲ್ಲಿದೆ. ನನ್ನ ಅಭಿಪ್ರಾಯದಲ್ಲಿ ಈ ವಯಸ್ಸಿನ ಮಕ್ಕಳಿಗೆ, ಇಷ್ಟು ಕಡಿಮೆ ದಿನಗಳಲ್ಲಿ, ಅದು ಬೇಡ. ಭಯ ಜಾಸ್ತಿಯಾಗಿ ಯೋಚನೆ ಕಡಿಮೆಯಾಗುತ್ತದೆ.

ಇನ್ನು ಕಾಗದ ಪತ್ರ. ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೇ ಗಳಿಗೆಗೆ ಬಿಡಬೇಡಿ. ಕಲಿಕೆಗಾಗಿ ಹೋಗುವ ಶಾಲಾ ಮಕ್ಕಳಿಗೂ ಜೊತೆಗಿರುವ ಶಿಕ್ಷಕರಿಗೂ ಶೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ನಿಯಮದಲ್ಲಿ ವೀಸಾ ಶುಲ್ಕ ಮಾಫಿ ಇದೆ. ಎಷ್ಟೋ ಶಾಲೆಗಳು ಇದನ್ನು ಕೇಳುವುದೇ ಇಲ್ಲ. ಅರ್ಜಿ ಕೇಂದ್ರದ ಸೇವಾ ಶುಲ್ಕ ಮಾತ್ರ ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತಂದೆ ತಾಯಿ ಇಬ್ಬರ ಒಪ್ಪಿಗೆ ಪತ್ರವೂ ಬೇಕು. ವಾನ್ಸೇ ಬಂಗಲೆಗೂ ಬೆರ್ನಾವರ್ ಸ್ಟ್ರಾಸೆಗೂ ಪ್ರವೇಶ ಉಚಿತ. ಜರ್ಮನಿಯ ಸಂಸತ್ ಭವನವಾದ ರೈಕ್‌ಸ್ಟಾಗ್‌ನ ಗಾಜಿನ ಗುಮ್ಮಟವೂ ಉಚಿತ, ಆದರೆ ಎಲ್ಲರ ಹೆಸರು, ಹುಟ್ಟಿದ ದಿನ ಕೊಟ್ಟು ಮೊದಲೇ ನೋಂದಾಯಿಸಬೇಕು.

ಒಂದು ವಿಷಯ ಮಾತ್ರ ಮಕ್ಕಳಿಗೂ ಪೋಷಕರಿಗೂ ಕೂರಿಸಿಕೊಂಡು ಹೇಳಿ. ನಾಜಿ ಸೆಲ್ಯೂಟ್ ಜರ್ಮನಿಯಲ್ಲಿ ಅಪರಾಧ. ತಮಾಷೆಗೂ ಮಾಡುವಂತಿಲ್ಲ, ಫೋಟೊಕ್ಕೂ ಮಾಡುವಂತಿಲ್ಲ. 2017ರಲ್ಲಿ ರೈಕ್‌ಸ್ಟಾಗ್ ಮುಂದೆ ಹಾಗೆ ಫೋಟೊ ತೆಗೆದುಕೊಂಡ ಇಬ್ಬರು ಚೀನಾದ ಪ್ರವಾಸಿಗರನ್ನು ಪೊಲೀಸರು ಹಿಡಿದಿದ್ದರು. ನಮ್ಮ ಮಕ್ಕಳ ಕೊರಳಲ್ಲಿ, ಬ್ಯಾಗಿನ ಮೇಲೆ ಸ್ವಸ್ತಿಕ ಇರಬಹುದು. ನಮಗೆ ಅದು ಪೂಜೆಯ ಗುರುತು. ಆದರೆ 17ನೇ ಪ್ಲಾಟ್‌ಫಾರ್ಮಿನಲ್ಲಿ ಅಜ್ಜ ಅಜ್ಜಿಯನ್ನು ನೆನೆಯಲು ಬಂದವರು ಪಕ್ಕದಲ್ಲೇ ನಿಂತಿರಬಹುದು. ಅವರಿಗೆ ಇದೆಲ್ಲ ಗೊತ್ತಿರಬೇಕೆಂದಿಲ್ಲ. ಆ ದಿನಗಳಿಗೆ ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು.

ಕೊನೆಯದಾಗಿ ದುಡ್ಡಿನ ಮಾತು. ಯಾವ ಶಾಲೆಯಲ್ಲೂ ಎಲ್ಲ ಮಕ್ಕಳಿಗೂ ಈ ಪ್ರವಾಸ ಕೈಗೆಟುಕುವುದಿಲ್ಲ. ಹೋಗುವವರು, ಉಳಿಯುವವರು ಎಂದು ತರಗತಿ ಎರಡಾಗುವುದು ನನಗೆ ಸಹಿಸಲಾಗದ ವಿಷಯ. ಅದಕ್ಕೇ ಹೆಸರು ಹುಡುಕುವ ಕೆಲಸವನ್ನು ಇಡೀ ತರಗತಿಗೆ ಕೊಡಿ ಎನ್ನುತ್ತೇನೆ. ಜೋಡಿಯಲ್ಲಿ ಒಬ್ಬರು ಹೋಗುವವರು, ಇನ್ನೊಬ್ಬರು ಇಲ್ಲಿರುವವರು. ಇಲ್ಲಿರುವವರೇ ವಿಳಾಸ ಹುಡುಕಿ, ನಕ್ಷೆ ಬರೆದು, ಯಾವ ರೈಲು, ಯಾವ ಬೀದಿ ಎಂದು ದಾರಿ ಹೇಳಲಿ. ಕಲ್ಲಿನ ಮುಂದೆ ನಿಂತಾಗ ವಿಡಿಯೊ ಕಾಲ್ ಮಾಡಲಿ. ಬರ್ಲಿನ್ನಿನ ಬೆಳಿಗ್ಗೆ ಹತ್ತೂವರೆ ಅಂದರೆ ನಮ್ಮಲ್ಲಿ ಮಧ್ಯಾಹ್ನ ಎರಡು ಗಂಟೆ, ರಜೆಯಲ್ಲೂ ಮಕ್ಕಳು ಶಾಲೆಗೆ ಬಂದು ಸೇರಬಹುದಾದ ಹೊತ್ತು. ವರದಿಯಲ್ಲಿ ಇಬ್ಬರ ಹೆಸರೂ ಇರಲಿ. ಜೂನ್‌ನಲ್ಲಿ ಶಾಲೆ ತೆರೆದಾಗ ಅದನ್ನು ತರಗತಿಯ ಮುಂದೆ ಓದುವವರು ಇಲ್ಲಿ ಉಳಿದವರಾಗಿರಲಿ.