ಮೀನಿಲ್ಲದ ಟ್ಯಾಂಕಿಗೆ ಊಟ ಹಾಕುವುದು

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಟ್ಯಾಂಕನ್ನು ಮೀನು ಬಿಡುವ ಮೊದಲು ಸಿದ್ಧ ಮಾಡುವುದಕ್ಕೆ ಸೈಕ್ಲಿಂಗ್ ಅಂತಾರೆ. ಇವತ್ತಿನ ಮಾತು ಅದರ ಬಗ್ಗೆ.

ಈ ಮೇಜಿನ ಮೇಲೆ ಎರಡು ಬಾಟಲಿ ಇಟ್ಟಿದ್ದೇನೆ. ಎರಡರಲ್ಲೂ ಉಪ್ಪುನೀರು. ಹಿಂದಿನ ಸಾಲಿನವರಿಗೂ ಕಾಣುತ್ತಿರಬೇಕು, ಎರಡೂ ಒಂದೇ ಥರ ತಿಳಿಯಾಗಿವೆ. ಒಂದರಲ್ಲಿ ಮೀನು ಬದುಕುತ್ತದೆ. ಇನ್ನೊಂದರಲ್ಲಿ ಬದುಕಲ್ಲ. ಯಾವುದು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ.

ನನಗೂ ಆಗಿರಲಿಲ್ಲ. ನನ್ನ ಮೊದಲ ಟ್ಯಾಂಕಿನ ನೀರು ಹತ್ತನೇ ದಿನಕ್ಕೆ ಕನ್ನಡಿಯ ಹಾಗಾಗಿತ್ತು. 'ತಿಳಿಯಾಗಿದೆಯಲ್ಲ, ಇನ್ನೇನು, ಬಿಡಿ' ಅಂದರು ಮೀನು ಮಾರುವವರು. ಎರಡು ಕ್ಲೌನ್ ಮೀನು ತಂದು ಬಿಟ್ಟೆ. ಮರುದಿನ ಎರಡೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹಸಿದಿರಬೇಕು ಅಂದುಕೊಂಡು ಇನ್ನಷ್ಟು ಆಹಾರ ಹಾಕಿದೆ. ಮೂರನೇ ದಿನ ಎರಡೂ ಸತ್ತವು. ಟೆಸ್ಟ್ ಕಿಟ್ ಕೊಂಡಿದ್ದು ಆಮೇಲೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಆ ಗಾದೆಗೆ ನಾನೇ ಉದಾಹರಣೆ.

ಕೊಂದದ್ದು ಅಮೋನಿಯಾ. ಮೀನು ಕಿವಿರಿನ ಮೂಲಕ ದಿನವಿಡೀ ಅಮೋನಿಯಾ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅದೇ ಬರುತ್ತದೆ. ಕಡಲಿನಲ್ಲಿ ಅದು ಕರಗಿ ಹೋಗುತ್ತದೆ, ತಿನ್ನುವ ಜೀವಿಗಳೂ ಬೇಕಾದಷ್ಟಿವೆ. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಅದನ್ನು ತಿನ್ನುವವರನ್ನು ನಾವೇ ಮೊದಲು ಸಾಕಬೇಕು. ಸೈಕ್ಲಿಂಗ್ ಅಂದರೆ ಇಷ್ಟೇ, ಮೀನು ಸಾಕುವ ಮೊದಲು ಬ್ಯಾಕ್ಟೀರಿಯಾ ಸಾಕುವುದು.

ಈ ಜೀವಿಗಳು ಇವೆ ಎಂದು ಗೊತ್ತಾದ ಕಥೆ ನನಗೆ ತುಂಬಾ ಇಷ್ಟ. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಕೊಳವೆಗೆ ಮರಳು ತುಂಬಿ, ಮೇಲಿಂದ ಚರಂಡಿ ನೀರು ನಿಧಾನವಾಗಿ ಬಿಟ್ಟರು. ಮೊದಮೊದಲು ಅಮೋನಿಯಾ ಹೋದ ಹಾಗೇ ಕೆಳಗೆ ಬಂತು. ಸುಮಾರು 20 ದಿನ ಆದಮೇಲೆ ಅಮೋನಿಯಾ ಮಾಯವಾಗಿ ನೈಟ್ರೇಟ್ ಬರತೊಡಗಿತು. ಬರೀ ರಸಾಯನ ಕ್ರಿಯೆ ಆಗಿದ್ದರೆ ಅಷ್ಟು ದಿನ ಯಾಕೆ ಬೇಕು? ಕ್ಲೋರೋಫಾರ್ಮ್ ಆವಿ ಹಾಯಿಸಿದರು. ಕೆಲಸ ನಿಂತಿತು. ಅದನ್ನು ತೆಗೆದು ಸ್ವಲ್ಪ ಮಣ್ಣು ಕದಡಿದ ನೀರು ಹಾಕಿದರು. ಕೆಲಸ ಮತ್ತೆ ಶುರುವಾಯಿತು. ಅಂದರೆ ಮರಳಿನಲ್ಲಿ ಯಾರೋ ಬದುಕಿದ್ದಾರೆ! ಅವರಿಗೆ ಗೊತ್ತಿಲ್ಲದೇ ಅವರು ಮಾಡಿದ್ದು ಸೈಕ್ಲಿಂಗೇ. ಕಾದದ್ದೂ ನಮ್ಮ ಹಾಗೇ.

ಆ ಬ್ಯಾಕ್ಟೀರಿಯಾಗಳನ್ನು 1890ರ ಹೊತ್ತಿಗೆ ರಷ್ಯಾದ ವಿನೋಗ್ರಾಡ್‌ಸ್ಕಿ ಬೇರ್ಪಡಿಸಿ ಬೆಳೆಸಿದರು. ಇವು ಎರಡು ತಂಡ. ನೈಟ್ರೊಸೊಮೊನಾಸ್‌ನಂಥವು ಅಮೋನಿಯಾ ತಿಂದು ನೈಟ್ರೈಟ್ ಮಾಡುತ್ತವೆ. ನೈಟ್ರೊಸ್ಪೈರಾದಂಥವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. 2005ರಲ್ಲಿ ಮೂರನೇ ಥರದ ಜೀವಿಯೂ ಸಿಕ್ಕಿತು. ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಸೂಕ್ಷ್ಮಜೀವಿಗಳ ಗುಂಪಿನದು. ಅದೂ ಅಮೋನಿಯಾ ತಿನ್ನುತ್ತದೆ. ಸಿಕ್ಕಿದ್ದೆಲ್ಲಿ ಗೊತ್ತಾ? ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ಟ್ಯಾಂಕಿನ ಜಲ್ಲಿಯಲ್ಲಿ.

ಇವೆಲ್ಲ ನಿಧಾನದ ಜೀವಿಗಳು. ನಮ್ಮ ಕರುಳಿನ ಇ. ಕೋಲಿ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅದಕ್ಕೇ ಟ್ಯಾಂಕ್ ಸಿದ್ಧವಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಒಳ್ಳೆಯ ಲೈವ್ ರಾಕ್ ಸಿಕ್ಕರೆ ಬೇಗ ಆಗಬಹುದು. ಕಡಲಿನಿಂದ ಹಸಿಯಾಗಿ ತಂದ ಕಲ್ಲಿನಲ್ಲಿ ಈ ಜೀವಿಗಳು ಆಗಲೇ ಮನೆ ಮಾಡಿರುತ್ತವೆ. ಆ ಫ್ರೆಂಚರ ಮಣ್ಣುನೀರಿನ ಹಾಗೆ ಅಂದುಕೊಳ್ಳಿ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಕೂಡ ಇದೇ ಕೆಲಸಕ್ಕೆ. ಒಳಗಿರುವುದು ಜೀವಂತವಾಗಿದ್ದರೆ ಉಪಯೋಗ ಉಂಟು, ಬಿಸಿಲಲ್ಲಿ ಬೆಂದದ್ದಾದರೆ ಬರೀ ನೀರು.

ಈಗ ಮಾಡುವ ಬಗೆ. ಆರ್‌ಓ ನೀರಿಗೆ ಅಕ್ವೇರಿಯಂ ಉಪ್ಪು ಕರಗಿಸಿ. ಕ್ಲೋರಿನ್ ಇರುವ ನಲ್ಲಿ ನೀರನ್ನು ಹಾಗೇ ಹಾಕಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರಬೇಕು, ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು. ಹೀಟರ್ 26 ಡಿಗ್ರಿಗೆ ಇಡಿ. ಪಂಪ್ ನೀರಿನ ಮೇಲ್ಮೈಯನ್ನು ಕಲಕುತ್ತಿರಲಿ, ಈ ಜೀವಿಗಳಿಗೆ ಆಮ್ಲಜನಕ ಬೇಕೇ ಬೇಕು. ಲೈಟ್ ಆರಿಸಿಡಿ. ಈಗ ಬೆಳಕು ಬೇಕಾಗಿರುವುದು ಪಾಚಿಗೆ ಮಾತ್ರ.

ಆಮೇಲೆ ಊಟ. ಕೆಲವರು ಒಂದು ಸತ್ತ ಸಿಗಡಿ ಹಾಕಿ ಕೊಳೆಯಲು ಬಿಡುತ್ತಾರೆ. ಕೆಲಸ ಆಗುತ್ತದೆ. ಆದರೆ ಎಷ್ಟು ಅಮೋನಿಯಾ ಬರುತ್ತದೆ ಎಂಬ ಲೆಕ್ಕ ಸಿಗಲ್ಲ, ವಾಸನೆ ಮಾತ್ರ ಗ್ಯಾರಂಟಿ. ನನ್ನ ಆಯ್ಕೆ ಅಮೋನಿಯಂ ಕ್ಲೋರೈಡ್ ದ್ರಾವಣ. ಟೆಸ್ಟ್‌ನಲ್ಲಿ 2 ಪಿಪಿಎಂ, ಅಂದರೆ ಲೀಟರಿಗೆ ಸುಮಾರು 2 ಮಿಲಿಗ್ರಾಂ, ಬರುವಷ್ಟು ಹಾಕಿ ನಿಲ್ಲಿಸಿ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂದುಕೊಳ್ಳಬೇಡಿ. 5 ಪಿಪಿಎಂ ದಾಟಿದರೆ ಅದನ್ನು ತಿನ್ನಬೇಕಾದವಕ್ಕೇ ಅದು ವಿಷವಾಗಿ ಎಲ್ಲ ನಿಂತುಹೋಗಬಹುದು. ಹಿಂದೆ ಗಟ್ಟಿ ಜೀವದ ಡ್ಯಾಮ್ಸೆಲ್ ಮೀನು ಬಿಟ್ಟು ಸೈಕ್ಲಿಂಗ್ ಮಾಡುತ್ತಿದ್ದರು. ಬದುಕುವ ಮೀನೂ ಕಿವಿರು ಸುಟ್ಟುಕೊಂಡೇ ಬದುಕುತ್ತದೆ. ಬೇರೆ ದಾರಿ ಇರುವಾಗ ಅದು ಬರೀ ಕ್ರೌರ್ಯ ಅಂತಲೇ ನಾನು ಹೇಳುವುದು.

ಉಪ್ಪುನೀರಿನಲ್ಲಿ ಈ ವಿಷಯ ಯಾಕಿಷ್ಟು ಬಿಗಿ? ಪಿಎಚ್ ಕಾರಣ, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಅಮೋನಿಯಂ ಅಷ್ಟು ಅಪಾಯವಲ್ಲ, ಬರೀ ಅಮೋನಿಯಾ ಅಪಾಯ. ಪಿಎಚ್ ಒಂದು ಅಂಕ ಏರಿದರೆ ಅಪಾಯದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಸಿಹಿನೀರಿನ ಟ್ಯಾಂಕ್ 7ರ ಸುತ್ತ ಇರಬಹುದು. ನಮ್ಮದು 8.1, 8.2. ಸಿಹಿನೀರಿನಲ್ಲಿ ಹೇಗೋ ತಪ್ಪಿಸಿಕೊಂಡ ತಪ್ಪು ಇಲ್ಲಿ ಮೀನಿನ ಪ್ರಾಣ ತೆಗೆಯುತ್ತದೆ.

ನೈಟ್ರೈಟ್ ವಿಷಯದಲ್ಲಿ ಮಾತ್ರ ಅದೃಷ್ಟ ನಮ್ಮ ಕಡೆ. ಸಿಹಿನೀರಿನ ಮೀನಿಗೆ ಅದು ದೊಡ್ಡ ಗಂಡಾಂತರ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 19 ಗ್ರಾಂ ಕ್ಲೋರೈಡ್ ಇದೆ. ಅದು ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನು ತಡೆಯುತ್ತದೆ. ಹಾಗಾಗಿ ನೈಟ್ರೈಟ್ ಒಂದು ವಾರ ಮೇಲೇ ನಿಂತರೆ ಗಾಬರಿ ಬೇಡ. ಇನ್ನೊಂದು ಮಾತು, ನೈಟ್ರೈಟ್ ಇರುವಾಗ ಸಾಮಾನ್ಯ ಕಿಟ್‌ಗಳು ನೈಟ್ರೇಟನ್ನು ಜಾಸ್ತಿ ತೋರಿಸುತ್ತವೆ. ಆ ಅಂಕಿ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಈಗ ಈ ಎರಡು ಬಾಟಲಿಯಿಂದ ಒಂದೊಂದು ಟ್ಯೂಬಿಗೆ 5 ಮಿಲಿಲೀಟರ್ ತೆಗೆದುಕೊಂಡು ಅಮೋನಿಯಾ ಕಿಟ್‌ನ ಹನಿ ಹಾಕುತ್ತೇನೆ. ಐದು ನಿಮಿಷ ಬಿಡಬೇಕು.

ಅಷ್ಟರಲ್ಲಿ ಮುಖ್ಯವಾದದ್ದು ಹೇಳಿಬಿಡುತ್ತೇನೆ. ಟ್ಯಾಂಕ್ ಆಯಿತೋ ಇಲ್ಲವೋ ಅಂತ ಕ್ಯಾಲೆಂಡರ್ ಹೇಳಲ್ಲ. 2 ಪಿಪಿಎಂ ಅಮೋನಿಯಾ ಹಾಕಿ, 24 ಗಂಟೆ ಬಿಟ್ಟು ನೋಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇದ್ದರೆ ಆಯಿತು. ಇಲ್ಲದಿದ್ದರೆ ಕಾಯಿರಿ. ಈ ಕಾಯುವ ದಿನಗಳಲ್ಲೇ ಕೈ ಸುಮ್ನಿರಲ್ಲ. ಕಲ್ಲು ಹೊರಗೆ ತೆಗೆದು ಉಜ್ಜಬೇಕು ಅನ್ನಿಸುತ್ತದೆ. ಯಾರೋ ಹೇಳಿದ ಇನ್ನೊಂದು ಔಷಧಿ ಸುರಿಯಬೇಕು ಅನ್ನಿಸುತ್ತದೆ. ಕೈ ಕಟ್ಟಿ ಕೂರಿ. ನೀರು ಆವಿಯಾಗಿ ಕಡಿಮೆಯಾದರೆ ಮಾತ್ರ ಸಿಹಿ ಆರ್‌ಓ ನೀರು ಸೇರಿಸಿ, ಉಪ್ಪುನೀರಲ್ಲ. ಉಪ್ಪು ಆವಿಯಾಗುವುದಿಲ್ಲ, ಅಲ್ವಾ?

ಸ್ವಲ್ಪ ದಿನಕ್ಕೆ ಮರಳಿನ ಮೇಲೆ ಕಂದು ಬಣ್ಣದ ಪುಡಿ ಹರಡುತ್ತದೆ. ಟ್ಯಾಂಕ್ ಕೆಟ್ಟಿತು ಅಂತ ಎಲ್ಲರೂ ಹೆದರುವುದು ಇಲ್ಲೇ. ಅವು ಡಯಾಟಂಗಳು, ಒಂದು ಬಗೆಯ ಸೂಕ್ಷ್ಮ ಪಾಚಿ. ನೋಡಲು ಕೊಳಕು, ಅಪಾಯವಿಲ್ಲ, ತಾವಾಗಿ ಹೋಗುತ್ತವೆ.

ಪರೀಕ್ಷೆ ಪಾಸಾದ ಮೇಲೆ ಒಂದಷ್ಟು ನೀರು ಬದಲಿಸಿ ನೈಟ್ರೇಟ್ ಇಳಿಸಿ. ಇದರಿಂದ ಬ್ಯಾಕ್ಟೀರಿಯಾ ಹೋಗಿಬಿಡುವುದಿಲ್ಲ. ಅವು ಅಂಟಿಕೊಂಡಿರುವುದು ಕಲ್ಲು ಮರಳಿಗೆ, ನೀರಿಗಲ್ಲ. ಆಮೇಲೆ ಒಂದು ಮೀನು, ಹೆಚ್ಚೆಂದರೆ ಎರಡು. ಬ್ಯಾಕ್ಟೀರಿಯಾ ತಮಗೆ ಸಿಗುವ ಊಟದಷ್ಟೇ ಇರುತ್ತವೆ. ಒಂದೇ ದಿನ ಎಂಟು ಮೀನು ಬಿಟ್ಟರೆ ಅವೇನು ಮಾಡಿಯಾವು, ಪಾಪ. ಮೀನು ತರುವುದು ಎರಡು ವಾರ ತಡ ಅಂತಿದ್ದರೆ ಅಲ್ಲಿಯವರೆಗೆ ಆಗಾಗ ಸ್ವಲ್ಪ ಅಮೋನಿಯಾ ಹಾಕುತ್ತಿರಿ. ಖಾಲಿ ಟ್ಯಾಂಕಿನಲ್ಲೂ ಹಸಿದವರಿದ್ದಾರೆ.

ನನ್ನ ಎರಡನೇ ಟ್ಯಾಂಕಿಗೆ 37 ದಿನ ಹಿಡಿಯಿತು. ಆಗ ಲೆಕ್ಕ ಬರೆದಿಟ್ಟ ಪುಸ್ತಕ ಇಲ್ಲೇ ಇದೆ, ದಿನಕ್ಕೊಂದು ಸಾಲು, ಅಮೋನಿಯಾ, ನೈಟ್ರೈಟ್, ನೈಟ್ರೇಟ್ ಅಂತ ಮೂರು ಅಂಕಿ. 22ರಿಂದ 29ನೇ ದಿನದವರೆಗೆ ಒಂದೇ ಅಂಕಿ ಬರೆದು ಬರೆದು ಬೇಸರವಾಗಿ ಪಕ್ಕದಲ್ಲಿ ಮೀನಿನ ಚಿತ್ರ ಬಿಡಿಸಿದ್ದೇನೆ. ಚೆನ್ನಾಗಿಲ್ಲ.

ಐದು ನಿಮಿಷ ಆಯಿತು. ಬನ್ನಿ, ಟ್ಯೂಬ್ ನೋಡಿ. ಎಡಗಡೆಯದು ಹಳದಿ, ಅಲ್ಲಿ ಮೀನು ಬಿಡಬಹುದು. ಬಲಗಡೆಯದು ಹಸಿರು, ಅಂದರೆ ಅಲ್ಲಿ ಅಮೋನಿಯಾ ಇದೆ. ಕಿಟಕಿ ಹತ್ತಿರ ಹಿಡಿದು ನೋಡಿ, ಈ ಲೈಟಿನ ಕೆಳಗೆ ಹಳದಿಯೂ ಹಸಿರಾಗಿ ಕಾಣುತ್ತದೆ.